ಮೂರು ಟ್ರಿಪ್ಪಿಗೊಂದು ನೆನಪು

ನನ್ನ ಹೆಸರು ಜವರಯ್ಯ. ಡ್ರೈವರಿಗೆ ಇಡುವ ಹೆಸರಲ್ಲ ಇದು. ಜವರಾಯ ಎಂದರೆ ಯಮ, ಯಮನ ಹೆಸರಿಟ್ಟುಕೊಂಡವನ ಬಸ್ಸಿಗೆ ಯಾರು ಹತ್ತುತ್ತಾರೆ ಎಂದು ಕೆಲಸಕ್ಕೆ ಸೇರುವಾಗಲೇ ಪುರಸಭೆಯವರು ಕೇಳಿದ್ದರು. ಈ ಬಸ್ಸಿಗೆ ಹೇಗೂ ಯಾರೂ ಹತ್ತುವುದಿಲ್ಲವಲ್ಲ ಎಂದು ಆಮೇಲೆ ಅವರಿಗೇ ಹೊಳೆದು ಸುಮ್ಮನಾದರು. ನಮ್ಮೂರ ಬಸ್ಸಿನಲ್ಲಿ ಜನ ಓಡಾಡುವುದಿಲ್ಲ. ಜನರ ನೆನಪು ಓಡಾಡುತ್ತದೆ.

ಊರು ಕೆಳಗಿದೆ, ಉಗ್ರಾಣ ಗುಡ್ಡದ ಮೇಲಿದೆ, ನಡುವೆ ತಿರುವಿನ ಮೇಲೆ ತಿರುವು. ಕೈಗೆ ಹತ್ತಿದ ಕಸುಬು, ಮನೆಯ ದಾರಿ, ಮನೆಯವರ ಮುಖ, ಇವಿಷ್ಟು ತಲೆಯಲ್ಲೇ ಉಳಿಯುತ್ತವೆ. ಮಿಕ್ಕಿದ್ದೆಲ್ಲ ಉಗ್ರಾಣದಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾನು ಮೇಲೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದೆ. ಬಸ್ಸು ಸ್ಟ್ಯಾಂಡಿನಲ್ಲಿ ನಿಂತು, ನಾನು ಟೀ ಕುಡಿದು, ಬೀಡಿ ಸೇದಿ, ಟೈರು ಒದ್ದು ನೋಡುವಷ್ಟು ಹೊತ್ತು ಊರಿಗೆ ಎಲ್ಲವೂ ನೆನಪಿರುತ್ತದೆ. ಹಾರನ್ ಹೊಡೆದು ಹೊರಟೆನೆಂದರೆ, ಬಸ್ಸು ಸೇತುವೆ ದಾಟುವುದರೊಳಗೆ ಎಲ್ಲರ ತಲೆಯೂ ತೊಳೆದು ಬೋರಲು ಹಾಕಿದ ಪಾತ್ರೆ. ಸೀಟಿನ ಮೇಲೆ ಕಣ್ಣಿಗೇನೂ ಕಾಣುವುದಿಲ್ಲ. ಬಸ್ಸು ಭಾರವಾಗುತ್ತದೆ, ಅಷ್ಟೇ. ಹಬ್ಬದ ಮಾರನೆಯ ದಿನ ಸ್ಪ್ರಿಂಗ್ ಪಟ್ಟಿಗಳು ನರಳುತ್ತವೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದಂತೆ. ನಮಗೆ ಅಭ್ಯಾಸವಾಗಿದೆ. ಇಬ್ಬರು ಹೊಡೆದಾಡಲು ಎದ್ದು ನಿಲ್ಲುತ್ತಾರೆ, ಅಷ್ಟರಲ್ಲಿ ನಾನು ಹೊರಟಿರುತ್ತೇನೆ, ಯಾತಕ್ಕೆ ಎದ್ದು ನಿಂತೆವೆಂದು ಇಬ್ಬರಿಗೂ ತಿಳಿಯದೆ ಒಬ್ಬನ ಬೀಡಿಯಿಂದ ಇನ್ನೊಬ್ಬ ಬೀಡಿ ಹಚ್ಚಿಕೊಳ್ಳುತ್ತಾನೆ. ‘ಬಸ್ ಬರ್ಲಿ, ಆಮೇಲೈತೆ ನಿಂಗೆ’ ಎನ್ನುವುದು ನಮ್ಮೂರಿನ ದೊಡ್ಡ ಬೆದರಿಕೆ. ಶಾಲೆಯಲ್ಲಿ ಮೇಷ್ಟ್ರು ಬೆಳಿಗ್ಗೆ ಪ್ರಶ್ನೆ ಕೇಳುತ್ತಾರೆ, ಮಕ್ಕಳು ಮಧ್ಯಾಹ್ನದ ಟ್ರಿಪ್ಪಿಗೆ ಕೈ ಎತ್ತುತ್ತಾರೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವರನ್ನು ಸ್ಟ್ಯಾಂಡಿನ ಕಡೆಯ ಕಿಟಕಿಗೇ ನಿಲ್ಲಿಸುತ್ತಾರೆ. ಒಮ್ಮೆ ಗೇರ್ ಬಾಕ್ಸ್ ಕೆಟ್ಟು ಬಸ್ಸು ಒಂದು ವಾರ ಮೇಲೆಯೇ ನಿಂತುಬಿಟ್ಟಿತ್ತು. ಆ ವಾರ ಊರಿನಲ್ಲಿ ಒಂದು ಬೈಗುಳ ಕೇಳಲಿಲ್ಲ. ಒಬ್ಬರ ಉಪಕಾರ ಇನ್ನೊಬ್ಬರು ನೆನೆದದ್ದೂ ಕೇಳಲಿಲ್ಲ.

ನನ್ನ ನೆನಪನ್ನು ಮಾತ್ರ ನಾನು ಉಗ್ರಾಣಕ್ಕೆ ಕೊಟ್ಟಿಲ್ಲ. ಡ್ರೈವರ್ ಸೀಟಿನ ಕೆಳಗೆ, ಜಾಕಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಕೆಲಸದ ಜೊತೆ ಬಂದ ಸವಲತ್ತು ಅದೊಂದೇ. ಅದನ್ನು ಸವಲತ್ತು ಎಂದು ಕರೆದವನು ಯಾರೋ, ನನ್ನ ಕೈಗಿನ್ನೂ ಸಿಕ್ಕಿಲ್ಲ.

ಯಾಕೆಂದರೆ ನನಗೊಬ್ಬಳು ಅಕ್ಕ ಇದ್ದಾಳೆ, ದೇವೀರಮ್ಮ ಅಂತ. ನಾನು ಅವಳ ಮನೆಯಲ್ಲೇ ಇರುವುದು. ಭಾವ ಮರಿಸ್ವಾಮಿ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಎರಡು ವರ್ಷದ ಕೆಳಗೆ ಕಾಮಾಲೆಯಾಗಿ ತೀರಿಕೊಂಡರು. ತೀರಿಕೊಂಡದ್ದು ನೆನಪು, ಆದ್ದರಿಂದ ಅದು ಉಗ್ರಾಣದಲ್ಲಿದೆ. ಅವರ ಮುಖ ಮನೆಯವರ ಮುಖ, ಆದ್ದರಿಂದ ಅದು ಅಕ್ಕನ ತಲೆಯಲ್ಲಿದೆ. ಬಸ್ಸು ಮೇಲೆ ಹೋಗಿರುವಾಗ ಅಕ್ಕನ ಪಾಲಿಗೆ ಗಂಡ ಯಾವುದೋ ಊರಿನ ಮದುವೆಗೆ ಊದಲು ಹೋಗಿರುತ್ತಾರೆ. ಅವರಿಗೆಂದು ಖಾರ ಕಮ್ಮಿ ಮಾಡಿ ಸಾರು ಬೇರೆ ಕಾಯಿಸಿ ಮುಚ್ಚಿಡುತ್ತಾಳೆ. ಬಸ್ಸು ಬರುತ್ತದೆ. ಮುಚ್ಚಳ ತೆಗೆದು, ಅದಕ್ಕಷ್ಟು ಖಾರದ ಪುಡಿ ಉದುರಿಸಿ, ಅಳುತ್ತ ನನಗೆ ಬಡಿಸುತ್ತಾಳೆ. ದಿನಕ್ಕೆ ಮೂರು ಸಲ ಒಡಹುಟ್ಟಿದವಳನ್ನು ವಿಧವೆ ಮಾಡುವ ಕೆಲಸ ನನ್ನದು, ಅದಕ್ಕೆ ಸಂಬಳವೂ ಕೊಡುತ್ತಾರೆ. ಗುಡ್ಡ ಇಳಿಯುವಾಗ ನಾನು ಎರಡನೇ ಗೇರಿನ ಮೇಲೆ ಹೋಗುತ್ತಲೇ ಇರಲಿಲ್ಲ. ಊರಿನವರು ನನಗೆ ಬಸವನಹುಳು ಎಂದು ಹೆಸರಿಟ್ಟಿದ್ದರು. ಇಡಲಿ. ಒಂದೊಂದು ತಿರುವಿಗೂ ಅಕ್ಕ ಇನ್ನಷ್ಟು ಹೊತ್ತು ಮುತ್ತೈದೆಯಾಗಿರುತ್ತಿದ್ದಳು.

ಹೀಗಿರುವಾಗ ಪುರಸಭೆ ಅಧ್ಯಕ್ಷ ಪಾಲಾಕ್ಷಯ್ಯನವರ ಮಗಳನ್ನು ನೋಡಲು ಹೊಳೆಯಾಚೆಯ ಊರಿನಿಂದ ಗಂಡಿನ ಕಡೆಯವರು ಬಂದರು. ಹುಡುಗಿಯ ಅಜ್ಜಿಯ ತವರು ಯಾವುದು ಎಂದು ಕೇಳಿದರು. ಬಸ್ಸು ಆಗಷ್ಟೇ ಸೇತುವೆ ದಾಟಿತ್ತು. ಇನ್ನೊಂದು ಲೋಟ ಕಾಫಿ ತಗೊಳ್ಳಿ, ಅಷ್ಟರಲ್ಲಿ ತಿಳಿದುಬರುತ್ತೆ ಎಂದು ಪಾಲಾಕ್ಷಯ್ಯನವರು ಉಪಚಾರ ಮಾಡಿದರು. ಗಂಡಿನ ಕಡೆಯವರು ಕೊಟ್ಟಷ್ಟು ಲೋಟ ಕುಡಿದು, ಅಜ್ಜಿಯ ತವರೇ ಗೊತ್ತಿಲ್ಲದ ಮನೆ ಎಂದು ಎದ್ದು ಹೋದರು. ನಾನು ಎರಡನೇ ಗೇರಿನಲ್ಲಿ ಇಳಿದು ಬರುವಾಗ ಅಧ್ಯಕ್ಷರು ಸ್ಟ್ಯಾಂಡಿನಲ್ಲೇ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅವರಿಗೆ ಅಜ್ಜಿಯ ತವರು ನೆನಪಾಯಿತು. ಹೇಳೋಣವೆಂದರೆ ಕೇಳುವವರು ಹೋಗಿಯಾಗಿತ್ತು.

ಮನೆಗೆ ಹೋಗುವ ಮನಸ್ಸಾಗದೆ ಅವರು ಎದುರಿಗಿದ್ದ ಇಲಿಯಾಸನ ಕಂಪ್ಯೂಟರ್ ಅಂಗಡಿಗೆ ನುಗ್ಗಿದರು. ನಾನೂ ಟೀ ಲೋಟ ಹಿಡಿದು ಹಿಂದೆಯೇ ಹೋದೆ. ಇಲಿಯಾಸ್ ನಲವತ್ತು ದಾಟಿದ, ಯಾರಿಗೂ ಕೇಡು ಬಯಸದ ಮನುಷ್ಯ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿಕೊಂಡು, ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಅವನ್ನು ಓಡಿಸುವುದು ಅವನ ಚಟ. ಕೆಲವರಿಗೆ ಇಸ್ಪೀಟು ಇರುತ್ತದೆ, ಇವನಿಗೆ ಇದು. ಅವತ್ತೂ ಒಂದನ್ನು ಬಿಚ್ಚಿಕೊಂಡು, ಬಸ್ಸು ಇನ್ನೂ ಸ್ವಲ್ಪ ಜೋರು ಮಾಡಬಹುದು, ಮೆಮೊರಿ ತಡೆಯುತ್ತೋ ಇಲ್ಲವೋ ನೋಡಬೇಕು ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಅಧ್ಯಕ್ಷರ ಕಿವಿ ನೆಟ್ಟಗಾಯಿತು. ಯಾವ ಬಸ್ಸು ಎಂದರು.

ಕೇಳುವವರು ಸಿಕ್ಕರಲ್ಲ ಎಂದು ಇಲಿಯಾಸ್ ಉತ್ಸಾಹದಿಂದ ಹೇಳಿದ. ಪ್ರೊಸೆಸರ್ ಎನ್ನುವುದು ಕಂಪ್ಯೂಟರಿನ ತಲೆ. ಕೆಲಸವೆಲ್ಲ ಅದರದು. ಆದರೆ ಅದರ ನೆನಪು ಅದರ ಹತ್ತಿರ ಇರುವುದಿಲ್ಲ, ಮೆಮೊರಿ ಎಂಬ ಬೇರೆ ಪಟ್ಟಿಯಲ್ಲಿರುತ್ತದೆ. ಎರಡರ ನಡುವೆ ಸರಕು ಸಾಗಿಸುವ ದಾರಿಗೆ ಬಸ್ ಎನ್ನುತ್ತಾರೆ. ಬಸ್ಸು ಒಂದು ತಾಳ ಹಾಕಿದರೆ ತಲೆ ಹತ್ತು ಹೆಜ್ಜೆ ಹಾಕುತ್ತದೆ. ಆ ಹತ್ತನ್ನು ಕಂಪನಿಯವರು ಬೀಗ ಹಾಕಿ ಕಳಿಸಿರುತ್ತಾರೆ, ಹನ್ನೊಂದು ಮಾಡಲು ಬರುವುದಿಲ್ಲ. ಹಾಗಾಗಿ ತಲೆ ಚುರುಕಾಗಬೇಕೆಂದರೆ ಬಸ್ಸಿನ ತಾಳವನ್ನೇ ಜೋರು ಮಾಡಬೇಕು. ತೊಂದರೆ ಏನೆಂದರೆ ಮೆಮೊರಿಯನ್ನೂ ಆ ಬಸ್ಸಿಗೇ ಕಟ್ಟಿರುತ್ತಾರೆ, ಬಸ್ಸು ಓಡಿದರೆ ಅದೂ ಜೊತೆಗೆ ಓಡಬೇಕು. ಓಡಲಾಗದೆ ಹೋದರೆ...

ಅಧ್ಯಕ್ಷರು ಅಲ್ಲಿಗೇ ತಡೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವರದು, ಪೂರ್ತಿ ಕೇಳುವ ಅಭ್ಯಾಸವಿಲ್ಲ. “ಅಂದ್ರೆ ಕಂಪ್ಯೂಟರಿನಾಗೂ ನೆನಪು ತರೋದು ಬಸ್ಸೇ?” ಎಂದರು. ಇಲಿಯಾಸ್ ಗಾಬರಿಯಾಗಿ, ಸಾರ್ ಅದು ಬೇರೆ, ಇದು ಬೇರೆ ಎಂದ. ಏನು ಬೇರೆ ಹೇಳು ಎಂದರು. ಇಲಿಯಾಸ್ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ. ಪ್ರಾಮಾಣಿಕ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ.

“ಅದರಲ್ಲೂ ಡ್ರೈವರ್ ಇರುತ್ತೆ ಸಾರ್,” ಎಂದ ಕೊನೆಗೆ. “ಆದ್ರೆ ಮನುಷ್ಯ ಅಲ್ಲ.”

ಅಧ್ಯಕ್ಷರು ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅದೇನು ಅಂಥ ದೊಡ್ಡ ವ್ಯತ್ಯಾಸವಲ್ಲ ಎಂದು ಹೇಳಿ ಎದ್ದರು.

ಮಾರನೆಯ ದಿನ ಬಸ್ಸು ನಿಂತಿದ್ದಾಗಲೇ ಪುರಸಭೆ ಸೇರಿ, ಊರಿನ ತಲೆಯನ್ನು ಚುರುಕು ಮಾಡುವ ಸಲುವಾಗಿ ಬಸ್ಸಿನ ವೇಗ ಏರಿಸುವುದೆಂದು ಠರಾವು ಮಾಡಿತು. ಇಲಿಯಾಸನನ್ನು ಸಲಹೆಗಾರನನ್ನಾಗಿ ನೇಮಿಸಿದರು. ಅವನು ಬೇಡ ಬೇಡವೆಂದು ಕೈ ಮುಗಿದ. ಅದು ಸಾಗದೆ ಹೋದಾಗ, ಮಾಡುವುದಾದರೆ ಕ್ರಮವಾಗಿ ಮಾಡಿ ಎಂದು ತನಗೆ ತಿಳಿದಿದ್ದನ್ನು ಹೇಳಿದ. ಒಂದೇ ಸಲಕ್ಕೆ ಏರಿಸಬೇಡಿ, ಸ್ವಲ್ಪ ಏರಿಸಿ, ನಿಲ್ಲಿಸಿ, ನೋಡಿ. ಬಿಸಿಯಾಗುತ್ತದೆ, ಗಾಳಿ ಹಾಕಿ. ಎಲ್ಲಕ್ಕಿಂತ ಮುಖ್ಯ, ಬಸ್ಸು ಏರಿಸಿದಾಗ ಮೆಮೊರಿಯ ಪಾಲು ಇಳಿಸಿ. ಮೊದಲ ಎರಡನ್ನು ಒಪ್ಪಿದರು. ಮೂರನೆಯದಕ್ಕೆ ಅಧ್ಯಕ್ಷರು, ನೆನಪು ಕಮ್ಮಿಯಾಗಿದ್ದಕ್ಕೇ ಮಗಳ ಸಂಬಂಧ ಮುರಿದು ಬಿದ್ದಿದ್ದು, ಇನ್ನೂ ಇಳಿಸೋದಾ ಎಂದು ಗದರಿದರು. ಇಲಿಯಾಸ್ ಹೊರಗೆ ಬಂದು ನನ್ನ ಪಕ್ಕ ಕೂತ.

“ಜವರಣ್ಣ, ಮಿಷನ್ ಹ್ಯಾಂಗ್ ಆಗಿ ನಿಂತೋದ್ರೆ ಪುಣ್ಯ. ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ. ನಿಲ್ಲದೆ ತಪ್ಪು ತಪ್ಪು ಕೊಡ್ತಾ ಹೋಯ್ತು ಅಂದ್ರೆ ಯಾರಿಗೂ ಗೊತ್ತಾಗಲ್ಲ,” ಎಂದ.

ಸಭಾಂಗಣದ ಟೇಬಲ್ ಫ್ಯಾನನ್ನು ತಂದು ಬಾನೆಟ್ಟಿನ ಮೇಲೆ ಹಗ್ಗದಿಂದ ಬಿಗಿದರು. ಮೂರು ಟ್ರಿಪ್ಪು ಐದಾಯಿತು, ಐದು ಎಂಟಾಯಿತು, ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಊರು ಚುರುಕಾದದ್ದು ಸುಳ್ಳಲ್ಲ. ದರ್ಜಿ ಅಳತೆ ತೆಗೆದುಕೊಂಡ ದಿನವೇ ಅಂಗಿ ಕೊಟ್ಟ. ಮಕ್ಕಳು ಕೇಳಿದ ಗಂಟೆಯಲ್ಲೇ ಉತ್ತರ ಹೇಳಿದರು. ಜಗಳಗಳು ಆರಂಭವಾದ ಜಾಗದಲ್ಲೇ ಮುಗಿದವು. ಅಧ್ಯಕ್ಷರು ಸ್ಟ್ಯಾಂಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಾನು ಬಂದಾಗಲೆಲ್ಲ ಚಪ್ಪಾಳೆ ತಟ್ಟಿ ಮತ್ತೆ ಓಡಿಸುತ್ತಿದ್ದರು. ಟೀ ಕುಡಿಯಲು ಇಳಿಯಬಾರದು ಎಂದಾಯಿತು. ಟೀಯವನೇ ಕಿಟಕಿಗೆ ತಂದುಕೊಡುತ್ತಿದ್ದ, ಅರ್ಧ ಲೋಟ ನನ್ನ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು.

ಇತ್ತ ಅಕ್ಕ ಅಷ್ಟು ಸಲ ವಿಧವೆಯಾದಳು. ಸಾರು ಒಲೆಗಿಡುವುದರೊಳಗೆ ಒಮ್ಮೆ, ಇಳಿಸುವುದರೊಳಗೆ ಮತ್ತೊಮ್ಮೆ. ಖಾರದ ಪುಡಿ ತಳ ಕಂಡಿತು. ಕಣ್ಣು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಅವಳ ಮುಖ ಸದಾ ಒದ್ದೆಯಾಗಿರುತ್ತಿತ್ತು. ಅಧ್ಯಕ್ಷರ ಹತ್ತಿರ ಹೋಗಿ, ನಿಧಾನ ಮಾಡುತ್ತೇನೆ ಎಂದೆ. ಒಂದು ಹೆಂಗಸು ಅಳುತ್ತದೆಂದು ಇಡೀ ಊರನ್ನು ಮಂಕು ಮಾಡಲೇ ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು, ಅದನ್ನು ಬರವಣಿಗೆಯಲ್ಲಿ ಹಾಕುವಂತಿಲ್ಲ.

ಇನ್ನು ಗುಡ್ಡದ ಮೇಲೆ, ಉಗ್ರಾಣದಲ್ಲಿ ಸಾಕವ್ವ. ಯಾವ ಕಾಲದಿಂದ ಅಲ್ಲಿದ್ದಾಳೋ, ನೆನಪು ತುಂಬುವುದು ಅವಳ ಕೆಲಸ. ಬಸ್ಸು ಬಂದಾಗ ಕೇರಿಯ ಹೆಸರು ಕೂಗುತ್ತ ಒಂದೊಂದಾಗಿ ಎತ್ತಿ ಹಾಕಿ, ಕೊನೆಗೆ ಬಸ್ಸಿನ ತಗಡನ್ನು ಎರಡು ಸಲ ಬಡಿಯುತ್ತಾಳೆ. ಬಡಿದರೆ ಹೊರಡಬೇಕು. ಹಗುರದವು ಮೊದಲು, ಭಾರದವು ಕೊನೆಗೆ, ಭಾರದವು ಉಗ್ರಾಣದ ಹಿಂದಿನ ಸಾಲಿನಲ್ಲಿರುತ್ತವಲ್ಲ. ಬಸ್ಸು ಜೋರಾದರೂ ಸಾಕವ್ವ ಜೋರಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಧ್ಯಕ್ಷರಿಗೆ ಹೇಳಿ ಕಳಿಸಿದಳು. ಅವರು, ಮೇಲೆ ಬಸ್ಸು ತಿರುಗಿಸುವಷ್ಟು ಹೊತ್ತು ಮಾತ್ರ ನಿಲ್ಲತಕ್ಕದ್ದು ಎಂದು ನನಗೆ ಹುಕುಂ ಮಾಡಿದರು. ಹೀಗಾಗಿ ಸಾಕವ್ವ ಕೈಗೆ ಸಿಕ್ಕಿದ್ದನ್ನು ಸಿಕ್ಕ ಕಡೆ ಎಸೆಯತೊಡಗಿದಳು. ತಗಡು ಬಡಿಯುವುದಕ್ಕೆ ಅವಳು ಕೈ ಎತ್ತಿದಾಗ ನಾನು ಮೊದಲ ತಿರುವಿನಲ್ಲಿರುತ್ತಿದ್ದೆ.

ಆಗ ಶುರುವಾಯಿತು. ಕ್ಷೌರದ ರಾಚನಿಗೆ ತಾನು ಹೆತ್ತದ್ದು ನೆನಪಾಯಿತು. ಚೊಚ್ಚಲು ಬಹಳ ಕಷ್ಟವಾಯಿತೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿ, ಸೊಂಟ ಹಿಡಿದುಕೊಂಡೇ ಕ್ಷೌರ ಮಾಡಿದ. ಮೇಷ್ಟ್ರಿಗೆ ತಾವು ಮೂರನೇ ಕ್ಲಾಸಿನಲ್ಲಿ ಫೇಲಾದದ್ದು ನೆನಪಾಗಿ ಪಾಠ ನಿಲ್ಲಿಸಿಬಿಟ್ಟರು, ಫೇಲಾದವನು ಬೇರೆ ಯಾರೋ. ಗೋಡೆಯ ವಿಷಯಕ್ಕೆ ತಲೆಮಾರಿನಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ನೆನಪು ಅದಲುಬದಲಾಗಿ, ಗೋಡೆ ನಿನ್ನದೇ ಎಂದು ಇಬ್ಬರೂ ಪಟ್ಟು ಹಿಡಿದು ಕೈಕೈ ಮಿಲಾಯಿಸಿದರು. ಬಸ್ಸು ಎಲ್ಲೂ ನಿಲ್ಲಲಿಲ್ಲ, ಊರೂ ನಿಲ್ಲಲಿಲ್ಲ. ಅಧ್ಯಕ್ಷರು ಇದನ್ನು ಪ್ರಗತಿ ಎಂದರು. ಇಲಿಯಾಸ್ ಅಂಗಡಿಯ ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ನಾನು ಹಾದುಹೋಗುವಾಗ, ಹ್ಯಾಂಗ್ ಆಗ್ತಿಲ್ಲ ಜವರಣ್ಣ ಎಂದು ಕೂಗಿ ಹೇಳಿದ.

ಅದೇ ವಾರ ಒಂದು ಮಧ್ಯಾಹ್ನ ಊಟಕ್ಕೆಂದು ಬಿಟ್ಟಾಗ ಮನೆಗೆ ಹೋದರೆ ಅಕ್ಕ ಅಳುತ್ತಿರಲಿಲ್ಲ. ಬಸ್ಸು ಸ್ಟ್ಯಾಂಡಿನಲ್ಲೇ ಇತ್ತು. ಅವಳಿಗೆ ನನ್ನ ಚಿಕ್ಕಂದಿನ ಚೇಷ್ಟೆಗಳು ನೆನಪಿದ್ದವು, ತನ್ನ ಮದುವೆಯ ಸೀರೆಯ ಅಂಚು ನೆನಪಿತ್ತು. ಗಂಡ ಸತ್ತದ್ದು ಮಾತ್ರ ಬಂದಿರಲಿಲ್ಲ. ಖಾರವಿಲ್ಲದ ಸಾರು ಮುಚ್ಚಿದಂತೆಯೇ ಇತ್ತು, ನನಗೆ ಬೇರೆ ಸಾರು ಬಡಿಸಿದಳು. ಗೋಡೆಯಲ್ಲಿದ್ದ ಭಾವನ ಫೋಟೋದಿಂದ ಗಂಧದ ಹಾರ ತೆಗೆದು, ಬದುಕಿರೋರಿಗೆ ಯಾವ ಮುಂಡೇದು ಇದನ್ನ ಹಾಕಿದ್ದು ಎಂದು ಕೇಳಿದಳು. ಹಾಕಿದ ಮುಂಡೇದು ನಾನೇ. ಇನ್ನಷ್ಟು ಸಾರು ಹಾಕಿಸಿಕೊಂಡು ಉಂಡೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಎರಡು ವರ್ಷದ ಮೇಲೆ ಅಕ್ಕನ ಮುಖ ಒಣಗಿತ್ತು. ಅಂದಿನಿಂದ ನಾನೇ ಇನ್ನೂ ಜೋರಾಗಿ ಓಡಿಸತೊಡಗಿದೆ. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಹಾರ ನಮ್ಮ ಮನೆಯಲ್ಲಿ ಮಾತ್ರ ಇಳಿದದ್ದಲ್ಲ. ಭಾರದವು ಕೊನೆಗೆ ತುಂಬುವಂಥವು, ಕೊನೆಯವರೆಗೆ ನಿಲ್ಲುವವರು ಯಾರೂ ಇರಲಿಲ್ಲ, ಹಾಗಾಗಿ ಊರಿನ ಸಾವುಗಳೆಲ್ಲ ಗುಡ್ಡದ ಮೇಲೇ ಉಳಿದುಬಿಟ್ಟವು. ಮನೆಮನೆಯಲ್ಲೂ ಹಾರ ಬಿಚ್ಚಿದರು. ಮೊದಮೊದಲು ಊರು ಹಬ್ಬದಂತೆ ಇತ್ತು. ಆಮೇಲೆ ಜನ ಸ್ಟ್ಯಾಂಡಿಗೆ ಬಂದು ದಾರಿ ನೋಡಲು ಶುರು ಮಾಡಿದರು. ಅಪ್ಪ ಹೇಳದೆ ಕೇಳದೆ ಎಲ್ಲಿಗೆ ಹೋದ, ಮಗಳು ಯಾಕೆ ತವರಿಗೆ ಬರಲಿಲ್ಲ, ಬಾಣಂತಿತನಕ್ಕೆ ಹೋದವಳಿಗೆ ಇಷ್ಟು ದಿನವೇ. ಬರದವರ ಮೇಲೆ ಮುನಿಸು ಬೆಳೆಯಿತು. ಬಸ್ಸು ಮೇಲಿಂದ ಮೇಲೆ ಬರುತ್ತಿದ್ದುದರಿಂದ ಯಾವ ಸಿಟ್ಟಿಗೂ ಆರುವುದಕ್ಕೆ ಬಿಡುವೇ ಸಿಗುತ್ತಿರಲಿಲ್ಲ.

ಅಕ್ಕನೂ ಲೆಕ್ಕ ಹಾಕತೊಡಗಿದಳು. ಯಾವ ಮದುವೆ ಇಷ್ಟು ದಿನ ನಡೆಯುತ್ತದೆ ಎಂದು ನನ್ನನ್ನು ಕೇಳಿದಳು. ಬ್ಯಾಂಡಿನ ಮಿಕ್ಕವರೆಲ್ಲ ಊರಲ್ಲೇ ಇದ್ದಾರೆ, ಇವರೊಬ್ಬರು ಮಾತ್ರ ಎಲ್ಲಿ ಊದುತ್ತಿದ್ದಾರೆ ಎಂದಳು. ಕ್ಲಾರಿನೆಟ್ಟು ಇಲ್ಲೇ ಗೂಟದಲ್ಲಿ ನೇತಾಡುತ್ತಿದೆ, ಊದುವುದಕ್ಕೆ ಹೋದವರು ಅದನ್ನು ಬಿಟ್ಟು ಹೋಗುತ್ತಾರೆಯೇ ಎಂದಳು. ಒಂದು ದಿನ ಸಾರು ಬೇರೆ ತೆಗೆಯಲಿಲ್ಲ. ಇನ್ನೊಂದು ದಿನ ಅವರ ಪಂಚೆಗಳನ್ನು ನೆಲ ಒರೆಸಲು ಹರಿದಳು. ನಲ್ಲಿಯ ಹತ್ತಿರ ಹೆಂಗಸರನ್ನು ನಿಲ್ಲಿಸಿಕೊಂಡು, ಹೊಳೆಯಾಚೆ ಬಳೆ ಮಾರುವವಳೊಬ್ಬಳು ಇದ್ದಳಲ್ಲ, ಅವಳೂ ಕಾಣುತ್ತಿಲ್ಲವಲ್ಲ ಎಂದು ವಿಚಾರಿಸಿದಳು. ಬಳೆಯವಳಿಗೆ ಎಪ್ಪತ್ತಾಗಿತ್ತು. ಭಾವ ಇಡೀ ಆಯಸ್ಸಿನಲ್ಲಿ ಅಕ್ಕನನ್ನು ಬಿಟ್ಟು ಇನ್ನೊಬ್ಬರ ಕಡೆ ತಲೆ ಎತ್ತಿ ನೋಡಿದವರಲ್ಲ, ಊದುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸತ್ತ ಮೇಲೆ ಪಾಪ ಅವರಿಗೆ ಈ ಅಪವಾದ.

ತಡೆಯಲಾಗದೆ ಹೇಳಿಬಿಟ್ಟೆ. ಭಾವ ಎಲ್ಲೂ ಹೋಗಿಲ್ಲ ಅಕ್ಕ, ತೀರಿಕೊಂಡರು, ನೀನೇ ಕೊನೆಯ ಗುಟುಕು ನೀರು ಬಿಟ್ಟೆ ಎಂದೆ. ಅವಳು ಸೌಟು ಬೀಸಿದಳು. ನನ್ನ ಹುಬ್ಬಿನ ಮೇಲೆ ಈಗಲೂ ಅದರ ಗುರುತು ಇದೆ.

“ಗಂಡಸರೆಲ್ಲ ಒಂದೇ. ಅವರ ಕಳ್ಳತನ ಮುಚ್ಚಕ್ಕೆ ಅವರನ್ನ ಸಾಯಿಸಿಬಿಡ್ತೀಯೇನ್ಲಾ? ಹಂಗೇನಾದ್ರೂ ಆಗಿದ್ರೆ ಬಸ್ಸಲ್ಲಿ ಬರ್ತಿರಲಿಲ್ವಾ?”

ಬಸ್ಸಿನಲ್ಲಿ ಬರದ ಮಾತನ್ನು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನಂಬಬಾರದು ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ. ಅಕ್ಕ ಹೊರಗೆ ಹೋಗಿ ಬಾಗಿಲ ಮೇಲಿದ್ದ ‘ಮರಿಸ್ವಾಮಿ ಬ್ಯಾಂಡ್ ಸೆಟ್’ ಎಂಬ ಹಲಗೆಯನ್ನು ಕಿತ್ತು ತಂದಳು. ಗೂಟದಿಂದ ಕ್ಲಾರಿನೆಟ್ ಇಳಿಸಿ ಅದರ ಮೇಲಿಟ್ಟಳು. ಬೆಳಿಗ್ಗೆ ನೀರೊಲೆಗೆ ಎರಡನ್ನೂ ಹಾಕಿ, ಆ ನೀರಲ್ಲಿ ತಲೆಗೆ ಸ್ನಾನ ಮಾಡಿ, ಇವರ ಋಣ ತೊಳೆದುಕೊಳ್ಳುತ್ತೇನೆ ಎಂದಳು. ಅಕ್ಕ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಬಸ್ಸು ದಿನವಿಡೀ ಬಂದು ಹೋಗುತ್ತಿದ್ದ ಆ ಕಾಲದಲ್ಲಿ ಮರೆಯುವ ಭಾಗ್ಯವೂ ಇರಲಿಲ್ಲ.

ನಾನು ಇಲಿಯಾಸನ ಅಂಗಡಿಗೆ ಹೋಗಿ, ನಿನ್ನ ಮಿಷನ್ನಿನಲ್ಲಿ ಹೀಗಾದರೆ ಏನು ಮಾಡುತ್ತೀಯ ಎಂದು ಕೇಳಿದೆ. ಅವನು ಇಷ್ಟು ದಿನ ಯಾರಾದರೂ ಕೇಳಲಿ ಎಂದೇ ಕಾದಿದ್ದ. ಬಸ್ಸನ್ನು ಇಳಿಸಲು ಅಧ್ಯಕ್ಷರು ಬಿಡುವುದಿಲ್ಲ, ಇಳಿಸಬೇಕಾಗಿಯೂ ಇಲ್ಲ ಎಂದ. ಬಸ್ಸು ಅದರ ಪಾಡಿಗೆ ಓಡಲಿ, ಮೆಮೊರಿಯನ್ನು ಮಾತ್ರ ಪ್ರತಿ ತಾಳಕ್ಕೂ ಕೇಳಬಾರದು. ಮೂರು ತಾಳಕ್ಕೆ ಒಂದು ಸಲ ಕೇಳು. ಎರಡು ಸಲ ಖಾಲಿ ಹೋಗಿ ಖಾಲಿ ಬಾ, ಅಷ್ಟರಲ್ಲಿ ಸಾಕವ್ವ ಎಲ್ಲವನ್ನೂ ಆರಿಸಿ ಜೋಡಿಸಿಟ್ಟಿರುತ್ತಾಳೆ. ಮೂರನೇ ಸಲ ನಿಂತು ತುಂಬಿಸಿಕೋ. ಇದನ್ನೇ ನಾನು ಪಾಲು ಇಳಿಸುವುದು ಎಂದದ್ದು ಎಂದ. ಅಧ್ಯಕ್ಷರಿಗೆ ಗೊತ್ತಾಗುವುದಿಲ್ಲವೇ ಎಂದೆ. ನೆನಪು ಬರದಿದ್ದರೆ, ಬರಬೇಕಾಗಿತ್ತು ಎನ್ನುವುದು ನೆನಪಿರುವುದು ಯಾರಿಗೆ ಎಂದು ಅವನು ನನ್ನನ್ನೇ ಕೇಳಿದ. ಅವರು ಎಣಿಸುವುದು ಟ್ರಿಪ್ಪು, ಟ್ರಿಪ್ಪು ಸಿಗುತ್ತದೆ.

ಬೆಳಿಗ್ಗೆ ಎದ್ದಾಗ ಅಕ್ಕ ನೀರೊಲೆಗೆ ಸೌದೆಯ ಜೊತೆ ಹಲಗೆಯನ್ನೂ ಕೂಡಿಸುತ್ತಿದ್ದಳು. ಒಲೆ ಹಚ್ಚುವುದು ಕೈಗೆ ಹತ್ತಿದ ಕಸುಬು, ಬಸ್ಸು ಮೇಲೆ ಹೋದರೂ ಅದು ನಿಲ್ಲುವುದಿಲ್ಲ. ಹಂಡೆಗೆ ನೀರು ತುಂಬಲು ನಲ್ಲಿ ಬರುವುದು ಇನ್ನೂ ತಡ. ನಾನು ಎರಡು ಖಾಲಿ ಟ್ರಿಪ್ಪು ಓಡಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಓಡಿಸಿದವನಲ್ಲ, ಬಾನೆಟ್ಟಿನ ಮೇಲಿದ್ದ ಫ್ಯಾನು ಎರಡನೇ ತಿರುವಿನಲ್ಲಿ ಹಾರಿಹೋಯಿತು. ಮೂರನೇ ಸಲ ಉಗ್ರಾಣದ ಮುಂದೆ ನಿಂತು ಇಂಜಿನ್ ಆಫ್ ಮಾಡಿದೆ. ಸಾಕವ್ವ ನನ್ನನ್ನೂ ಬಸ್ಸನ್ನೂ ಅನುಮಾನದಿಂದ ನೋಡಿದಳು. ಭಾವನ ಸಾವು ಎಲ್ಲಿ ಎಂದು ಕೇಳಿದೆ.

“ಎಲ್ಲೋಗ್ತದೆ? ಒಳಗೆ ಕೂತದೆ. ನಿಂಗೆ ನಿಲ್ಲಕ್ಕೆ ಪುರುಸೊತ್ತು ಬೇಕಲ್ಲ,” ಎಂದಳು.

ಹಗುರದವು ಮೊದಲು ಬಂದವು. ಕೇರಿ ಕೇರಿಯ ಹೆಸರು ಕೂಗಿದಳು. ಆಮೇಲೆ ಹಿಂದಿನ ಸಾಲಿನ ಭಾರದವು. ನಾನೂ ಇಳಿದು ಒಂದು ಕೈ ಕೊಟ್ಟೆ. ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ, ಭುಜ ಮಾತ್ರ ಜಗ್ಗುತ್ತದೆ. ಭಾವನದನ್ನು ನಾನೇ ಎತ್ತಿದೆ. ಬಂದದ್ದು ಅದೊಂದೇ ಅಲ್ಲ. ಅಕ್ಕ ಆಸ್ಪತ್ರೆಯ ಬೆಂಚಿನಲ್ಲಿ ಕೂತದ್ದು, ಅವರು ನಾಲಿಗೆ ರುಚಿ ಹೋಗಿದೆ ಎಂದು ಉಪ್ಪಿನಕಾಯಿ ಕೇಳಿದ್ದು, ಇವಳು ಡಾಕ್ಟರಿಗೆ ಹೆದರಿ ಕೊಡದೆ ಹೋದದ್ದು, ಕೊನೆಗೆ ಅವರು ಇವಳ ಬೆರಳುಗಳ ಮೇಲೆ ಕ್ಲಾರಿನೆಟ್ಟಿನ ತೂತು ಮುಚ್ಚಿ ತೆರೆಯುವ ಹಾಗೆ ಬೆರಳಾಡಿಸುತ್ತ ಮಲಗಿದ್ದು, ಎಲ್ಲವೂ ಅದಕ್ಕೇ ಅಂಟಿಕೊಂಡಿದ್ದವು. ಅವು ಇಷ್ಟು ದಿನವೂ ಅಕ್ಕನಿಗೆ ಸಿಕ್ಕಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು, ನನ್ನ ಮೇಲೆ ನನಗೇ ಸಿಟ್ಟು ಬಂತು. ಸಾಕವ್ವ ತಗಡನ್ನು ಎರಡು ಸಲ ಬಡಿದಳು. ಬಸ್ಸು ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿದಿತ್ತು. ಎರಡನೇ ಗೇರಿನಲ್ಲಿ ಇಳಿಸಿಕೊಂಡು ಬಂದೆ.

ಸ್ಟ್ಯಾಂಡಿನಲ್ಲಿ ದಾರಿ ನೋಡುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಯಾರೂ ಕೂಗಾಡಲಿಲ್ಲ. ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡು ಮನೆಗಳ ಕಡೆ ಹೋದರು. ಕ್ಷೌರದ ರಾಚ ತನ್ನ ಅವ್ವನ ಹೆಸರು ಹಿಡಿದು ಒಂದು ಸಲ ಕರೆದು, ಕತ್ತಿ ಮಡಚಿಟ್ಟ. ಪಾಲಾಕ್ಷಯ್ಯನವರು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ಇತ್ತು. ಅವರ ಹೆಂಡತಿ ಹೋಗಿ ಆರು ವರ್ಷವಾಗಿತ್ತು. ನಾನು ಬಸ್ಸನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಬಚ್ಚಲಲ್ಲಿ ಹೊಗೆ ತುಂಬಿತ್ತು. ಹಲಗೆಯ ಒಂದು ತುದಿ ಒಲೆಯೊಳಗಿತ್ತು, ಬೆಂಕಿ ಮೊದಲ ಅಕ್ಷರಕ್ಕೆ ಹತ್ತಿತ್ತು. ಅಕ್ಕ ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು.

“ಸತ್ತೋದ್ರೇನ್ಲಾ?”

“ಹೂಂ ಅಕ್ಕ.”

“ಯಾರ ಜೊತೆಗೂ ಹೋಗಲಿಲ್ವಾ?”

“ಇಲ್ಲ ಅಕ್ಕ. ಕಾಮಾಲೆ.”

ಅಕ್ಕ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಒಳಗೆ ಹಿಡಿದಿಟ್ಟಿದ್ದ ಉಸಿರು ಅದು.

“ಅಷ್ಟೇನಾ,” ಎಂದಳು. “ಬರೀ ಸತ್ತೋಗವ್ರೆ. ನಾನು ಬಿಟ್ಟೋದ್ರು ಅನ್ಕೊಂಡಿದ್ದೆ.”

ಆಮೇಲೆ ಅತ್ತಳು. ಅವಳು ಅಳುವುದನ್ನು ನನ್ನಷ್ಟು ಸಲ ನೋಡಿದವರು ಇಲ್ಲ, ಆದರೆ ಇಷ್ಟು ನೆಮ್ಮದಿಯಾಗಿ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಹಲಗೆಯನ್ನು ಎಳೆದು ನೀರು ಚಿಮುಕಿಸಿದೆ. ಒಂದಕ್ಷರ ಹೋಗಿತ್ತು, ಮಿಕ್ಕಿದ್ದನ್ನು ಓದಬಹುದಿತ್ತು. ಸ್ಟ್ಯಾಂಡಿನ ಕಡೆಯಿಂದ ಯಾರೂ ನನ್ನನ್ನು ಕರೆಯಲಿಲ್ಲ. ಬಸ್ಸು ನಿಂತಷ್ಟು ಹೊತ್ತು ನಿಲ್ಲಲಿ ಎಂದು ಊರೇ ಸುಮ್ಮನಿತ್ತು. ಆದರೆ ನಾನು ಏಳಲೇಬೇಕಿತ್ತು, ಎದ್ದೆ. ಅಕ್ಕ ನನ್ನ ಅಂಗಿಯ ಚುಂಗು ಹಿಡಿದುಕೊಂಡಳು.

“ನಾಳೆನೂ ತರ್ತೀಯ ತಾನೇ?” ಎಂದಳು.

“ತರ್ತೀನಿ ಅಕ್ಕ,” ಎಂದೆ.